ಡೇರೆ ಹೂಡುವ ಕಾಲ

ಋತುವರ್ಣನೆಯ ಹಂಚಿಕೆಯಲ್ಲಿ ನಮ್ಮ ಪ್ರಾಚೀನ ಕವಿಗಳು ವಸಂತಕ್ಕೆ ತೋರಿದ ಔದಾರ್ಯವನ್ನು ಹೇಮಂತ ಶಿಶಿರಗಳಿಗೆ ತೋರಲಿಲ್ಲವೆಂಬುದು ಕಾವ್ಯಪಾಠ ಹೇಳುವವರೆಲ್ಲರೂ ಬಲ್ಲ ಸಂಗತಿ. ಮಾವು, ಅಶೋಕ, ಮಲ್ಲಿಗೆಗಳೆಲ್ಲ ವಸಂತನ ಪಾಲಿಗೆ ಹೋದುವು. ಚಳಿಗಾಲಕ್ಕೆ ಲೋಧ್ರ, ಕುಂದ ಮೊದಲಾದ ನಾಲ್ಕಾರು ಹೂಗಳು ಉಳಿದುವು. ಬೆಂಗಳೂರು ಮೈಸೂರುಗಳಂಥ ಊರುಗಳಲ್ಲಿ ಮನೆಯ ಮುಂದೆ ಹತ್ತಡಿ ನೆಲವನ್ನೋ, ಮಹಡಿಯ ಮೇಲೆ ನಾಲ್ಕು ಕುಂಡಗಳನ್ನೋ ಉಳ್ಳ ಸಂಸಾರಸ್ಥನು ಈ ಹಂಚಿಕೆಗೆ ತಲೆಬಾಗಬೇಕಾಗಿಲ್ಲ. ಅವನ ಪಾಲಿಗೆ ಮಾರ್ಗಶಿರ ಪುಷ್ಯಗಳೇ ಹೂವಿನ ಸುಗ್ಗಿ. ಆ ಸುಗ್ಗಿಯಲ್ಲಿ ಅಗ್ರಪೂಜೆಗೆ ಅರ್ಹವಾದ ಹೂವಿನ ಹೆಸರು ಯಾವ ಹಳೆಯ ಕಾವ್ಯದಲ್ಲಿಯೂ ದೊರೆಯದು. ಏಕೆಂದರೆ ಅದು ಕಡಲನ್ನು ದಾಟಿ ಬಂದ ಹೂವು. ಅದರ ಹೆಸರು ಡೇರೆ.

ಡೇರೆಯೆಂದರೆ ಮಲೆನಾಡಿನವರಿಗೆ ವಿವರಣೆ ಬೇಡ. ಶಿರಸಿ, ಸಾಗರ, ತೀರ್ಥಹಳ್ಳಿಗಳ ಕಡೆ ಮಳೆಗಾಲದಲ್ಲಿ ಹೋದವರು ಅಂಗಳದ ಅಂಚಿನಲ್ಲಿ ತಟ್ಟೆಯಗಲದ ಹೂಗಳನ್ನು ಕಂಡೇ ಇರುತ್ತಾರೆ. ಪಟ್ಟಣದ ನಾವು ಅದನ್ನು ಡೇಲಿಯಾ ಎನ್ನುತ್ತೇವೆ. ಆ ಪರದೇಶದ ಹೆಸರು ಮಲೆನಾಡಿನ ಹೆಂಗಸರ ನಾಲಗೆಯ ಮೇಲೆ ಹೊರಳಿ ಹೊರಳಿ ಡೇರೆಯಾಯಿತು. ಭಾಷಾಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಸೋಜಿಗವೇನೂ ಇಲ್ಲ. ಲಕಾರ ರೇಫಗಳು ಒಂದರ ಮನೆಗೆ ಇನ್ನೊಂದು ಹೋಗಿಬರುವುದು ಹಳೆಯ ಪದ್ಧತಿ. ಸೋಜಿಗವಿರುವುದು ಅರ್ಥದಲ್ಲಿ. ಕನ್ನಡದಲ್ಲಿ ಡೇರೆಯೆಂದರೆ ಗುಡಾರವೂ ಹೌದು. ಬೇಕಾದಾಗ ಹೂಡಿ, ಬೇಡವಾದಾಗ ಕಿತ್ತು, ಸುತ್ತಿ, ಹೆಗಲಿಗೇರಿಸಿಕೊಂಡು ಮುಂದಿನ ಊರಿಗೆ ಸಾಗಬಹುದಾದ ಮನೆ ಅದು. ಈ ಹೂವಿನ ಗಿಡವೂ ಅಂಥದೇ. ಅರಿಯದೆ ಇಟ್ಟ ಹೆಸರು ಇಷ್ಟು ಸಾರ್ಥಕವಾದುದು ಅಪರೂಪ.

ಈ ಗುಣಕ್ಕೂ ಪಟ್ಟಣದ ಜೀವನಕ್ಕೂ ಒಂದು ಸಂಬಂಧವುಂಟು. ಪಟ್ಟಣವಾಸಿಗಳಲ್ಲಿ ಬಹುಮಂದಿ ಬಾಡಿಗೆಯ ಮನೆಯವರು. ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಳುವವನು ಏನನ್ನು ನೆಟ್ಟಾನು? ತೆಂಗು ಕಾಯಿ ಬಿಡುವ ವೇಳೆಗೆ ಅವನು ಯಾವ ಬಡಾವಣೆಯಲ್ಲಿರುವನೋ! ದಾಸವಾಳ, ಕಣಗಿಲೆಗಳನ್ನು ನೆಟ್ಟರೆ ಅವು ಬೇರೂರಿ ಮನೆಯ ಯಜಮಾನರ ಸ್ವತ್ತಾಗುತ್ತವೆ. ಹಾಗೆಂದು ಒಂದು ಋತುವಿನಲ್ಲಿ ಹುಟ್ಟಿ ಅದೇ ಋತುವಿನಲ್ಲಿ ಮುಗಿಯುವ ಹೂಗಿಡಗಳನ್ನೇ ನಂಬಿದರೆ ವರ್ಷವರ್ಷವೂ ಹೊಸ ಸಸಿ, ಹೊಸ ಖರ್ಚು. ಕೊನೆಗೆ ಕೈಯಲ್ಲಿ ಉಳಿಯುವುದು ಖಾಲಿ ಕುಂಡ. ಇವೆರಡರ ನಡುವಿನ ಹಾದಿ ಗಡ್ಡೆಯ ಗಿಡದ್ದು. ಅದು ಹಲವು ವರ್ಷ ಬಾಳುತ್ತದೆ. ಆದರೆ ಒಂದೇ ನೆಲದಲ್ಲಿ ಬಾಳಬೇಕೆಂಬ ಹಟ ಅದಕ್ಕಿಲ್ಲ.

ಆದರೂ ನಾವು ಮಾಡುವುದೇನು? ಜನವರಿಯಲ್ಲಿ ಹೂವಿರುವ ಕುಂಡವನ್ನು ಸಂಭ್ರಮದಿಂದ ಕೊಂಡು ತರುತ್ತೇವೆ. ಫೆಬ್ರವರಿಯಲ್ಲಿ ಹೂ ಮುಗಿದು ಎಲೆ ಹಳದಿಯಾದೊಡನೆ ಗಿಡ ಸತ್ತಿತೆಂದು ಬಗೆದು, ಮಣ್ಣು ಸಮೇತವಾಗಿ ತಿಪ್ಪೆಗೆ ಸುರಿಯುತ್ತೇವೆ. ಹಾಗೆ ಸುರಿದ ಮಣ್ಣಿನೊಳಗೆ ಮುಂದಿನ ಚಳಿಗಾಲದ ಹೂವು ಗಡ್ಡೆಯ ರೂಪದಲ್ಲಿ ಮಲಗಿರುತ್ತದೆ. ನಿದ್ರಿಸುವವನನ್ನು ಮೃತನೆಂದು ಸಾಗಿಸುವ ಈ ಅವಸರವನ್ನು ತಪ್ಪಿಸಬೇಕೆಂಬುದೇ ಈ ವಾರದ ಬರಹದ ಉದ್ದೇಶ.

ಡೇರೆಯ ತೌರು ಮೆಕ್ಸಿಕೋ ದೇಶದ ಎತ್ತರದ ಪ್ರದೇಶ. ಅಲ್ಲಿಯ ಮೂಲನಿವಾಸಿಗಳು ಇದಕ್ಕೆ ತಮ್ಮ ನಹುವಾಟ್ಲ್ ಭಾಷೆಯಲ್ಲಿ ನೀರಿನ ಕೊಳವೆ ಎಂಬ ಅರ್ಥ ಬರುವ ಹೆಸರನ್ನಿಟ್ಟಿದ್ದರು. ಗಿಡದ ಕಾಂಡ ಬಿದಿರಿನಂತೆ ಟೊಳ್ಳಾಗಿರುವುದೇ ಅದಕ್ಕೆ ಕಾರಣ. 1789ರಲ್ಲಿ ಮೆಕ್ಸಿಕೋ ನಗರದ ಸಸ್ಯೋದ್ಯಾನದ ವಿಸೆಂತೆ ಸೆರ್ವಾಂತೆಸ್ ಎಂಬವರು ಇದರ ಬೀಜಗಳನ್ನು ಸ್ಪೇನಿನ ಮ್ಯಾಡ್ರಿಡ್ ನಗರದ ರಾಜೋದ್ಯಾನಕ್ಕೆ ಕಳುಹಿಸಿದರು. ಅಲ್ಲಿ ಅಂತೋನಿಯೋ ಕವನಿಯೆಸ್ ಎಂಬ ಸಸ್ಯಶಾಸ್ತ್ರಜ್ಞರು 1791ರಲ್ಲಿ ಇದಕ್ಕೆ ಡೇಲಿಯಾ ಎಂದು ನಾಮಕರಣ ಮಾಡಿದರು. ಲಿನೇಯಸ್ ಮಹಾಶಯನ ಶಿಷ್ಯನಾದ ಆಂಡರ್ಸ್ ದಾಲ್ ಎಂಬ ಸ್ವೀಡನ್ನಿನ ವಿದ್ವಾಂಸನ ನೆನಪಿಗಾಗಿ ಇಟ್ಟ ಹೆಸರದು. ಆ ದಾಲ್ ಮಹಾಶಯ ತೀರಿಕೊಂಡುದು 1789ರಲ್ಲಿ. ತನ್ನ ಹೆಸರನ್ನು ಲೋಕಕ್ಕೆಲ್ಲ ಸಾರುವ ಹೂವೊಂದು ಉಂಟೆಂಬುದನ್ನೇ ಅರಿಯದೆ ಹೋದ ಪುಣ್ಯಾತ್ಮ ಆತ. ಜರ್ಮನಿಯ ಪಂಡಿತರೊಬ್ಬರು ಅನಂತರ ಬೇರೊಂದು ಹೆಸರಿಡಲು ಯತ್ನಿಸಿದರು. ರಷ್ಯದ ಜನ ಇಂದಿಗೂ ಇದನ್ನು ಗೆಯೋರ್ಗಿನ್ ಎಂದೇ ಕರೆಯುತ್ತಾರೆ. ಮೆಕ್ಸಿಕೋ ದೇಶ 1963ರಲ್ಲಿ ಇದನ್ನು ತನ್ನ ರಾಷ್ಟ್ರಪುಷ್ಪವೆಂದು ಸಾರಿತು.

ಯೂರೋಪಿಗೆ ಬಂದ ಹೊಸತರಲ್ಲಿ ಇದನ್ನು ಆಲೂಗಡ್ಡೆಯಂತೆ ಬೇಯಿಸಿ ತಿನ್ನಬಹುದೇ ಎಂದೂ ಪರೀಕ್ಷಿಸಿದರಂತೆ. ತಿಂದರೆ ಅಪಾಯವಿಲ್ಲ, ಆದರೆ ಆಲೂಗಡ್ಡೆ ಪಿಷ್ಟವನ್ನು ಕೂಡಿಡುತ್ತದೆ, ಡೇರೆಯ ಗಡ್ಡೆ ಇನ್ಯುಲಿನ್ ಎಂಬ ಬೇರೊಂದು ವಸ್ತುವನ್ನು ಕೂಡಿಡುತ್ತದೆ. ಅದನ್ನು ಮನುಷ್ಯನ ಕರುಳು ಜೀರ್ಣಿಸಲಾರದು. ಅಡುಗೆಮನೆಯಲ್ಲಿ ಸೋತ ಗಡ್ಡೆ ಹೂದೋಟದಲ್ಲಿ ಗೆದ್ದಿತು. ಅದರ ಗೆಲುವಿಗೆ ಒಂದು ಪ್ರಸಂಗವನ್ನು ಹೇಳಬಹುದು. 1872ರಲ್ಲಿ ಹಾಲೆಂಡಿನ ಒಬ್ಬ ತೋಟಗಾರನಿಗೆ ಮೆಕ್ಸಿಕೋದಿಂದ ಒಂದು ಪೆಟ್ಟಿಗೆ ಗೆಡ್ಡೆಬೇರುಗಳು ಬಂದುವು. ಹಡಗಿನ ದೀರ್ಘ ಪ್ರಯಾಣದಲ್ಲಿ ಎಲ್ಲವೂ ಕೊಳೆತು, ಒಂದೇ ಒಂದು ಬದುಕಿ ಉಳಿದಿತ್ತು. ಅದನ್ನು ಆತ ಎಸೆಯದೆ ನೆಟ್ಟ. ಅದರಲ್ಲಿ ಅರಳಿದುದು ಎಸಳುಗಳು ಅಂಚಿನಿಂದ ಹಿಂದಕ್ಕೆ ಸುರುಳಿಗೊಂಡ ಕಡುಗೆಂಪು ಹೂವು. ಅಂಥ ಆಕಾರವನ್ನು ಯೂರೋಪು ಅದುವರೆಗೆ ಕಂಡಿರಲಿಲ್ಲ. ಇಂದು ಪ್ರದರ್ಶನಗಳಲ್ಲಿ ನಾವು ಕಾಣುವ ಮುಳ್ಳೆಸಳಿನ ಡೇಲಿಯಾಗಳ ಒಂದು ದೊಡ್ಡ ವಂಶವೆಲ್ಲ ಆ ಒಂದು ಗಡ್ಡೆಗೆ ಋಣಿ.

ಈಗ ಕಾಲದ ವಿಚಾರ. ಯೂರೋಪಿನಲ್ಲಿ ಡೇಲಿಯಾ ಬೇಸಗೆಯ ಮತ್ತು ಶರತ್ಕಾಲದ ಹೂವು. ಹಿಮ ಬಿದ್ದೊಡನೆ ಗಿಡ ಕರಕಾಗುತ್ತದೆ, ಗಡ್ಡೆಗಳನ್ನು ಅಗೆದು ಒಳಗಿಟ್ಟುಕೊಳ್ಳುತ್ತಾರೆ. ನಮ್ಮ ಮಲೆನಾಡಿನಲ್ಲಿ ಅದು ಮಳೆಗಾಲದ ಹೂವು. ಮೊದಲ ಮಳೆಗೆ ಮೊಳೆತು, ಶ್ರಾವಣ ಭಾದ್ರಪದಗಳಲ್ಲಿ ಅರಳಿ, ಮಳೆ ಹಿಂದೆಗೆದ ಮೇಲೆ ನೆಲದೊಳಗೆ ಅಡಗುತ್ತದೆ. ಬೆಂಗಳೂರು ಮೈಸೂರುಗಳ ಬಯಲುಸೀಮೆಯಲ್ಲಿ ಅದು ಚಳಿಗಾಲದ ಹೂವು. ಒಂದೇ ಗಿಡ, ಮೂರು ಪಂಚಾಂಗ! ತೌರುಮನೆಯ ಪಂಚಾಂಗಕ್ಕೆ ಯಾವುದು ಹತ್ತಿರವೆಂದು ಕೇಳಿದರೆ ಮಲೆನಾಡಿನದೇ ಎನ್ನಬೇಕು. ಮೆಕ್ಸಿಕೋದ ಬೆಟ್ಟಗಳಲ್ಲಿಯೂ ಅದು ಮಳೆಗೆ ಚಿಗುರಿ, ಮಳೆಯ ಕೊನೆಗೆ ಅರಳಿ, ಒಣ ತಿಂಗಳುಗಳನ್ನು ನಿದ್ರೆಯಲ್ಲಿ ಕಳೆಯುತ್ತದೆ. ಗಡ್ಡೆಯೆಂಬುದು ಆ ಒಣ ತಿಂಗಳುಗಳಿಗಾಗಿ ಗಿಡ ಕಟ್ಟಿಕೊಂಡ ಬುತ್ತಿ.

ಹಾಗಿದ್ದರೆ ಬಯಲುಸೀಮೆಯ ನಾವು ಚಳಿಗಾಲವನ್ನೇಕೆ ಆರಿಸಿಕೊಂಡೆವು? ಬೆಂಗಳೂರಿನಲ್ಲಿ ಮಳೆ ಬಲಿಯುವುದು ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ. ಆ ಮಳೆಯ ತೇವದಲ್ಲಿ ಗಿಡ ಬೆಳೆದು, ಮಳೆ ನಿಂತು ಆಕಾಶ ತೊಳೆದಿಟ್ಟಂತಾದ ಮೇಲೆ ಹೂ ಬಿಟ್ಟರೆ, ಎಸಳು ಕೊಳೆಯುವ ಭಯವಿಲ್ಲ. ಹಗಲು ಹದವಾದ ಬಿಸಿಲು, ಇರುಳು ತಂಪು. ಬಣ್ಣ ಗಾಢವಾಗುತ್ತದೆ, ಹೂವು ಹೆಚ್ಚು ದಿನ ನಿಲ್ಲುತ್ತದೆ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಸಮಯಕ್ಕೆ ನಡೆಯುವ ಫಲಪುಷ್ಪ ಪ್ರದರ್ಶನವನ್ನು ಕಂಡವರಿಗೆ ಇದು ಗೊತ್ತು. 1889ರಲ್ಲಿ ಶಂಕುಸ್ಥಾಪನೆಯಾದ ಆ ಗಾಜಿನ ಮನೆಯ ಸಾಲುಕುಂಡಗಳಲ್ಲಿ ಡೇಲಿಯಾ ತಲೆಯೆತ್ತಿ ನಿಲ್ಲುವ ಠೀವಿ ಚಳಿಗಾಲದ ಬೆಂಗಳೂರಿಗೇ ಒಪ್ಪುವಂಥದು.

ಆ ಜನವರಿಯಿಂದ ಹಿಂದಕ್ಕೆ ಎಣಿಸಿರಿ. ಗಡ್ಡೆ ನೆಟ್ಟ ದಿನದಿಂದ ಮೊದಲ ಹೂವಿನವರೆಗೆ ಎರಡೂವರೆ ಮೂರು ತಿಂಗಳು ಬೇಕು. ಆದಕಾರಣ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ದಿನದಿಂದ ವಿಜಯದಶಮಿಯವರೆಗಿನ ಅವಧಿಯೇ ಡೇರೆ ಹೂಡುವ ಕಾಲ. ತಡಮಾಡಿದರೆ ಏನಾಗುತ್ತದೆಂಬುದಕ್ಕೂ ಕಾರಣವುಂಟು. ಜೂನಿನಲ್ಲಿ ಹದಿಮೂರು ಗಂಟೆಗೆ ಸಮೀಪವಾಗಿರುವ ಬೆಂಗಳೂರಿನ ಹಗಲು ಡಿಸೆಂಬರಿನಲ್ಲಿ ಹನ್ನೊಂದೂವರೆ ಗಂಟೆಯಷ್ಟಕ್ಕೆ ಇಳಿಯುತ್ತದೆ. ಹಗಲು ಹನ್ನೆರಡು ಗಂಟೆಗಿಂತ ಕಿರಿದಾಯಿತೆಂದರೆ ಗಿಡ ಮುಂದಿನ ಬರಗಾಲಕ್ಕೆ ಬುತ್ತಿ ಕಟ್ಟಲು ತೊಡಗುತ್ತದೆ. ಅದರ ಗಮನವೆಲ್ಲ ಗಡ್ಡೆಯ ಕಡೆಗೆ ಹರಿಯುತ್ತದೆ. ಅಷ್ಟರೊಳಗೆ ಮೈ ತುಂಬಿಕೊಂಡ ಗಿಡ ಎರಡು ಕೆಲಸಗಳನ್ನೂ ಮಾಡೀತು. ಡಿಸೆಂಬರಿನಲ್ಲಿ ನೆಟ್ಟ ಗಿಡ ಮೊಳಕಾಲೆತ್ತರಕ್ಕೇ ಸೊರಗಿ, ಎಸಳು ವಿರಳವಾದ ಒಂದೆರಡು ಹೂವನ್ನು ಬಿಟ್ಟು ಮಲಗಿಬಿಡುತ್ತದೆ.

ಗಡ್ಡೆಯನ್ನು ಕೊಳ್ಳುವಾಗ ನೋಡಬೇಕಾದುದು ಗಾತ್ರವನ್ನಲ್ಲ, ಕಣ್ಣನ್ನು. ಆಲೂಗಡ್ಡೆಗೆ ಇಂದ್ರನಂತೆ ಮೈಯೆಲ್ಲ ಕಣ್ಣು. ಎಲ್ಲಿ ಕತ್ತರಿಸಿ ನೆಟ್ಟರೂ ಒಂದಲ್ಲ ಒಂದು ತುಂಡು ಮೊಳೆಯುತ್ತದೆ. ಅದು ನೆಲದೊಳಗೆ ಉಬ್ಬಿದ ಕಾಂಡವಾದುದರಿಂದ ಹಾಗೆ. ಡೇರೆಯ ಗಡ್ಡೆ ಉಬ್ಬಿದ ಬೇರು, ಬೇರಿಗೆ ಕಣ್ಣಿಲ್ಲ. ಕಣ್ಣಿರುವುದು ಗಡ್ಡೆಗಳೆಲ್ಲ ಬಂದು ಕೂಡುವ ಹಳೆಯ ಕಾಂಡದ ಬುಡದಲ್ಲಿ, ಕತ್ತಿನ ಸುತ್ತ ಮಾತ್ರ. ಕತ್ತು ಮುರಿದ ಗಡ್ಡೆ ಎಷ್ಟು ಪುಷ್ಟವಾಗಿದ್ದರೂ ಪ್ರಯೋಜನವಿಲ್ಲ. ಅದು ನೆಲದಲ್ಲಿ ಬೇರುಬಿಟ್ಟು ತಿಂಗಳುಗಟ್ಟಲೆ ಜೀವ ಹಿಡಿದಿದ್ದೀತು, ಆದರೆ ಎಂದಿಗೂ ಮೊಳೆಯದು. ಕೊಂಡವರು ದಿನವೂ ನೀರೆರೆದು ಕಾಯುತ್ತಾರೆ. ಕೊನೆಗೆ ತಮ್ಮ ಕೈಗುಣವನ್ನು ಹಳಿದುಕೊಳ್ಳುತ್ತಾರೆ. ಹೆಬ್ಬೆರಳಿನಷ್ಟೇ ದಪ್ಪದ ಗಡ್ಡೆಯಾದರೂ ಕತ್ತಿನ ಬಳಿ ಸಾಸಿವೆಯಷ್ಟು ಗುಲಾಬಿಬಣ್ಣದ ಉಬ್ಬೊಂದು ಕಂಡರೆ ಧೈರ್ಯವಾಗಿ ತನ್ನಿ. ಕಣ್ಣು ಕಾಣದಿದ್ದರೆ ತೇವದ ಮರಳಿನ ಮೇಲೆ ಹತ್ತು ಹದಿನೈದು ದಿನ ಇರಿಸಿ ನೋಡಬಹುದು. ಇರುವುದಾದರೆ ಅಷ್ಟರಲ್ಲಿ ತೋರಿಕೊಳ್ಳುತ್ತದೆ.

ನೆಡುವ ಕ್ರಮ ಕಠಿಣವಾದುದಲ್ಲ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಸ್ಥಳ ಬೇಕು. ಕುಂಡವಾದರೆ ಹನ್ನೆರಡು ಅಂಗುಲದ ಬಾಯಿಯುಳ್ಳದ್ದಾಗಿರಲಿ. ತಳದ ರಂಧ್ರದ ಮೇಲೆ ಹಂಚಿನ ಚೂರುಗಳಿರಲಿ. ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಈ ಮೂರನ್ನೂ ಸಮಭಾಗವಾಗಿ ಕಲಸಿ, ಒಂದು ಹಿಡಿ ಬೇವಿನ ಹಿಂಡಿಯನ್ನೂ ಒಂದು ಹಿಡಿ ಎಲುಬಿನ ಪುಡಿಯನ್ನೂ ಸೇರಿಸಬಹುದು. ಎಲುಬಿನ ಪುಡಿ ಬೇಡವೆನ್ನುವ ಮನೆಗಳಲ್ಲಿ ಒಲೆಯ ಬೂದಿಯನ್ನು ಒಂದಿಷ್ಟು ಬೆರೆಸಿದರೂ ಗಿಡ ಮುನಿಯುವುದಿಲ್ಲ. ಮೊದಲು ಆಸರೆಯ ಕೋಲನ್ನು ನೆಡಿರಿ. ಗಿಡ ಬೆಳೆದ ಮೇಲೆ ಕೋಲು ಚುಚ್ಚಿದರೆ ಅದು ನೇರವಾಗಿ ಗಡ್ಡೆಯ ಎದೆಗೇ ಇಳಿಯುತ್ತದೆ. ಕೋಲಿನ ಪಕ್ಕದಲ್ಲಿ ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಕಣ್ಣು ಕೋಲಿನ ಕಡೆಗೂ ಮೇಲ್ಮುಖವಾಗಿಯೂ ಇರುವಂತೆ ನೋಡಿಕೊಂಡು, ಮೂರು ನಾಲ್ಕು ಅಂಗುಲದಷ್ಟು ಮಣ್ಣು ಮುಚ್ಚಿರಿ. ನೆಲದಲ್ಲಿ ನೆಡುವವರು ಗಿಡದಿಂದ ಗಿಡಕ್ಕೆ ಎರಡು ಅಡಿಯಾದರೂ ಬಿಟ್ಟು, ಪಾತಿಯನ್ನು ಏರಿಸಿಕೊಳ್ಳಬೇಕು. ಈ ಮಳೆಯ ತಿಂಗಳುಗಳಲ್ಲಿ ನೀರು ನಿಂತ ಪಾತಿ ಗಡ್ಡೆಗೆ ಗೋರಿಯಾಗುತ್ತದೆ.

ನೆಟ್ಟೊಡನೆ ಕೊಡಗಟ್ಟಲೆ ನೀರೆರೆಯುವುದು ನಮ್ಮಲ್ಲಿ ರೂಢಿ. ಆದರೆ ಮೊಳಕೆ ಮೂಡುವವರೆಗೆ ಗಡ್ಡೆಗೆ ಕುಡಿಯುವ ಬಾಯಿಲ್ಲ. ತನ್ನ ಬುತ್ತಿಯಲ್ಲಿರುವುದನ್ನೇ ಉಂಡು ಅದು ಏಳುತ್ತದೆ. ಮಣ್ಣಿನಲ್ಲಿ ತುಸು ತೇವವಿದ್ದರೆ ಸಾಕು. ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣಿಸಿಕೊಂಡ ಮೇಲೆ ನೀರನ್ನು ಹೆಚ್ಚಿಸುತ್ತ ಬನ್ನಿ. ಆ ಎಳೆಯ ಕುಡಿಗೆ ಶತ್ರುಗಳು ಬಸವನಹುಳು ಮತ್ತು ಗೊಂಡೆಹುಳುಗಳು. ಇರುಳಿನಲ್ಲಿ ದೀಪ ಹಿಡಿದು ಹೋಗಿ ಆರಿಸಿ ತೆಗೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಿದರೆ ಅವರು ಪಾಠದಲ್ಲಿಯೂ ತೋರದ ಉತ್ಸಾಹವನ್ನು ಅಲ್ಲಿ ತೋರುತ್ತಾರೆ.

ಇಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಸಂಗತಿಯನ್ನು ಹೇಳುವುದು ಉಚಿತ. ಗಣಿತದ ಅಧ್ಯಾಪಕರು, ಒಂಬತ್ತು ವರ್ಷಗಳಲ್ಲಿ ನಾಲ್ಕು ಮನೆ ಬದಲಾಯಿಸಿದವರು. ಅವರ ಪತ್ನಿಯ ತೌರು ಸಾಗರದ ಕಡೆ. ಮದುವೆಯಾದ ಮೊದಲ ವರ್ಷ ಆಕೆ ತಾಯಿಯ ಅಂಗಳದಿಂದ ಒಂದು ಡೇರೆಯ ಗಡ್ಡೆಯನ್ನು ಕಾಗದದಲ್ಲಿ ಸುತ್ತಿ ಬೆಂಗಳೂರಿಗೆ ತಂದರು. ಕುಂಕುಮಗಪ್ಪಿನ ಎಸಳು, ತುದಿಯಲ್ಲಿ ಬೆಳ್ಳಿಯ ಅಂಚು. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಬಂದ ಬಗೆಯದು. "ಇದು ಮಳೆ ಕುಡಿದು ಬೆಳೆದದ್ದು ಮಾರಾಯ್ತಿ, ನಿಮ್ಮೂರಿನ ಬಿಸಿಲಿಗೆ ಬಾಳೀತೇ?" ಎಂದು ತಾಯಿ ಕಳವಳಪಟ್ಟರಂತೆ. ಮಗಳು ಅದನ್ನು ದಸರೆಯ ಹೊತ್ತಿಗೆ ಕುಂಡದಲ್ಲಿಟ್ಟರು. ಸಂಕ್ರಾಂತಿಗೆ ಹೂ ಅರಳಿತು.

ಮೊದಲನೆಯ ಮನೆಯನ್ನು ಬಿಡುವ ದಿನ ಮನೆಯ ಯಜಮಾನರು ಅಂಗಳವನ್ನೆಲ್ಲ ಒಮ್ಮೆ ನೋಡಿ, "ಗಿಡಗಳೆಲ್ಲ ಹೀಗೇ ಇರಲಿ ಮೇಷ್ಟ್ರೇ, ಬರುವವರಿಗೆ ಚೆನ್ನಾಗಿರುತ್ತದೆ" ಎಂದರು.

"ಇರಲಿ ಸ್ವಾಮಿ, ಗುಲಾಬಿ ದಾಸವಾಳಗಳೆಲ್ಲ ತಮಗೇ. ಈ ಮಡಕೆಯೊಂದನ್ನು ಮಾತ್ರ ಒಯ್ಯುತ್ತೇವೆ" ಎಂದರು ನಮ್ಮವರು.

ಯಜಮಾನರು ಬಗ್ಗಿ ನೋಡಿದರು. "ಇದರಲ್ಲೇನಿದೆ? ಬರೀ ಮರಳು!"

"ನಮ್ಮ ಅತ್ತೆಯವರ ಅಂಗಳ ಇದೆ" ಎಂದು ಉತ್ತರ ಬಂತು.

ಗಣಿತದವರು ಅಲಂಕಾರಶಾಸ್ತ್ರವನ್ನು ಓದದಿದ್ದರೂ ಈ ಮಾತು ಅತಿಶಯೋಕ್ತಿಯಾಗಲಿಲ್ಲ. ಕೆಲವು ವರ್ಷಗಳ ಅನಂತರ ಸಾಗರದ ಕಡೆ ಮಳೆ ಮಿತಿಮೀರಿ ಸುರಿದ ಒಂದು ವರ್ಷ, ತೌರಿನ ಅಂಗಳದಲ್ಲಿ ಆ ಬೆಳ್ಳಿಯಂಚಿನ ಡೇರೆಯ ಗಡ್ಡೆಗಳೆಲ್ಲ ಕೊಳೆತುಹೋದುವು. ನೆರೆಹೊರೆಯವರನ್ನು ವಿಚಾರಿಸಿದರೂ ಆ ಬಗೆ ಎಲ್ಲಿಯೂ ಉಳಿದಿರಲಿಲ್ಲ. ಮುಂದಿನ ಬೇಸಗೆಯ ರಜೆಯಲ್ಲಿ ಮಗಳು ಮರಳಿನ ಮಡಕೆಯಿಂದ ಮೂರು ಗಡ್ಡೆಗಳನ್ನು ತೆಗೆದು, ಬಟ್ಟೆಯಲ್ಲಿ ಕಟ್ಟಿ ತಾಯಿಗೆ ಒಯ್ದು ಕೊಟ್ಟರು. ಆ ಶ್ರಾವಣದಲ್ಲಿ ಅಂಗಳದಲ್ಲಿ ಮತ್ತೆ ಬೆಳ್ಳಿಯಂಚು ಮೂಡಿತು. ತೌರಿನಿಂದ ಮಗಳಿಗೆ ಬಾಗಿನ ಹೋಗುವುದು ಲೋಕರೂಢಿ. ಮಗಳಿಂದ ತೌರಿಗೆ ಬಾಗಿನ ಬಂದುದು ಹೀಗೆ.

ಈ ಪ್ರಸಂಗದ ಮಹತ್ತ್ವ ತಿಳಿಯಬೇಕಾದರೆ ಬೀಜಕ್ಕೂ ಗಡ್ಡೆಗೂ ಇರುವ ಅಂತರವನ್ನು ತಿಳಿಯಬೇಕು. ಡೇರೆಯ ಬೀಜವನ್ನು ಬಿತ್ತಿದರೆ ಗಿಡ ಬರುತ್ತದೆ, ಹೂವೂ ಬರುತ್ತದೆ. ಆದರೆ ತಾಯಿಯಂಥ ಹೂವು ಬರುವುದಿಲ್ಲ. ಸಾಮಾನ್ಯವಾಗಿ ಜೀವಿಗಳಲ್ಲಿ ವರ್ಣತಂತುಗಳು ಎರಡು ಕಟ್ಟುಗಳಲ್ಲಿದ್ದರೆ ತೋಟದ ಡೇಲಿಯಾದಲ್ಲಿ ಎಂಟು ಕಟ್ಟುಗಳಿವೆ. ಎಂಟು ಕಟ್ಟು ಎಲೆಗಳನ್ನು ಕಲಸಿ ಹಂಚಿದ ಇಸ್ಪೀಟಾಟದಂತೆ ಪ್ರತಿಯೊಂದು ಬೀಜವೂ ಹೊಸ ಆಟ. ಸಾವಿರಾರು ಬಗೆಗಳು ಹುಟ್ಟಿದುದು ಈ ಕಾರಣದಿಂದಲೇ. ಒಮ್ಮೆ ಕಳೆದ ಬಗೆ ಬೀಜದಿಂದ ಮರಳಿ ಬಾರದಿರುವುದೂ ಈ ಕಾರಣದಿಂದಲೇ. ಗಡ್ಡೆಯಿಂದ ಬರುವುದು ಸಂತಾನವಲ್ಲ, ಅದೇ ಗಿಡ. ಅಜ್ಜಿ ಮುಡಿದ ಹೂವಿನ ಗಿಡವೇ ಮೊಮ್ಮಗಳ ಕುಂಡದಲ್ಲಿರುತ್ತದೆ. ಆದರೆ ನಡುವೆ ಯಾರಾದರೊಬ್ಬರು ಒಂದು ವರ್ಷ ಉಪೇಕ್ಷೆ ಮಾಡಿದರೆ ಆ ಸರಪಣಿ ಅಲ್ಲಿಗೇ ಮುಗಿಯಿತು.

ಮತ್ತೆ ನಮ್ಮ ಕುಂಡಕ್ಕೆ ಬರೋಣ. ಗಿಡ ಒಂದಡಿ ಬೆಳೆದು ಮೂರು ನಾಲ್ಕು ಜೊತೆ ಎಲೆ ಬಿಟ್ಟಾಗ ನಡುಗುಡಿಯನ್ನು ಚಿವುಟಿಬಿಡಬೇಕು. ಮನಸ್ಸು ಒಪ್ಪದ ಕೆಲಸ. ಆದರೆ ಚಿವುಟದ ಗಿಡ ಒಂಟಿಕಾಲಿನ ಕೊಕ್ಕರೆಯಂತೆ ಉದ್ದಕ್ಕೆ ಹೋಗುತ್ತದೆ, ಚಿವುಟಿದ ಗಿಡ ಕವಲೊಡೆದು ಪೊದೆಯಾಗುತ್ತದೆ. ಕಾಂಡ ಟೊಳ್ಳಾದುದರಿಂದ ಒಂದು ಗಾಳಿಗೆ ಮುರಿಯುವುದುಂಟು. ಬಾಳೆಯ ನಾರಿನಿಂದ ಕೋಲಿಗೆ ಸಡಿಲವಾಗಿ ಕಟ್ಟಿರಿ. ಬಿಗಿದು ಕಟ್ಟಿದರೆ ದಾರವೇ ಕುತ್ತಿಗೆಗೆ ಉರುಳಾಗುತ್ತದೆ. ಮೊಗ್ಗು ಮೂಡುವ ವೇಳೆಗೆ ಕಡಲೆಕಾಯಿ ಹಿಂಡಿಯನ್ನು ನಾಲ್ಕು ದಿನ ನೆನೆಸಿ, ತೆಳ್ಳಗೆ ಮಾಡಿ, ಹದಿನೈದು ದಿನಕ್ಕೊಮ್ಮೆ ಎರೆಯಬಹುದು. ಅತಿಯಾದರೆ ಗಿಡ ಎಲೆಯಲ್ಲೇ ತನ್ನ ಐಶ್ವರ್ಯವನ್ನು ತೋರಿಸಿ ಹೂವಿನಲ್ಲಿ ಜಿಪುಣವಾಗುತ್ತದೆ.

ಕವಲಿನ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗುಗಳು ಒಟ್ಟಿಗೆ ಬರುತ್ತವೆ. ದೊಡ್ಡ ಹೂ ಬೇಕೆನ್ನುವವರು ಪಕ್ಕದ ಎರಡನ್ನು ಕಡಲೆಗಾತ್ರವಾಗಿರುವಾಗಲೇ ತೆಗೆದು ನಡುವಣದನ್ನು ಉಳಿಸುತ್ತಾರೆ. ಮನೆತುಂಬ ಹೂ ಬೇಕೆನ್ನುವವರು ಮೂರನ್ನೂ ಬಿಡುತ್ತಾರೆ. ಇದು ಅವರವರ ರುಚಿ. ಬಾಡಿದ ಹೂವನ್ನು ಮಾತ್ರ ಗಿಡದಲ್ಲಿ ಬಿಡಬಾರದು. ಬೀಜಕಟ್ಟಲು ತೊಡಗಿದ ಗಿಡ ಹೊಸ ಮೊಗ್ಗನ್ನು ಮರೆಯುತ್ತದೆ. ಮೊಗ್ಗಾವುದು, ಎಸಳುದುರಿದ ಹಳೆಯ ಹೂವಾವುದು ಎಂದು ಭ್ರಮೆಯಾಗುವುದುಂಟು. ಮೊಗ್ಗು ಗುಂಡಗೆ, ಮುಗಿದ ಹೂವು ಮೊನಚಾಗಿ ಇರುತ್ತದೆಂದು ನೆನಪಿಟ್ಟರೆ ಸಾಕು. ಹೂದಾನಿಗಾಗಿ ಕೊಯ್ಯುವವರು ಬೆಳಗಿನ ತಂಪಿನಲ್ಲಿ, ಪೂರ್ತಿ ಅರಳಿದುದನ್ನೇ ಕೊಯ್ಯಲಿ. ಮೊಗ್ಗಾಗಿ ಕೊಯ್ದ ಡೇರೆ ನೀರಿನಲ್ಲಿ ಅರಳುವುದಿಲ್ಲ. ಎಲೆಯಲ್ಲಿ ಹಳದಿ ಹಸುರು ಮಚ್ಚೆಗಳು ಕೂಡಿ ಗಿಡ ಮುರುಟಿಕೊಂಡರೆ ಅದು ವೈರಸ್ ರೋಗ. ಅಂಥ ಗಿಡದ ಗಡ್ಡೆಯನ್ನು ಮಮತೆಯಿಂದ ಉಳಿಸಿಕೊಂಡರೆ ರೋಗವನ್ನೂ ಉಳಿಸಿಕೊಂಡಂತೆ. ಅದನ್ನು ಸುಡುವುದೇ ಲೇಸು.

ಈಗ ಎಲ್ಲರೂ ಮರೆಯುವ ಅಧ್ಯಾಯ. ಶಿವರಾತ್ರಿಯ ಸುಮಾರಿಗೆ ಹೂ ಮುಗಿದು ಎಲೆ ಹಳದಿಯಾಗತೊಡಗುತ್ತದೆ. ನೀರನ್ನು ಕ್ರಮಕ್ರಮವಾಗಿ ಕಡಿಮೆಮಾಡಿ. ಗಿಡ ಒಣಗಿದ ಮೇಲೆ ನಾಲ್ಕು ಅಂಗುಲ ಕಾಂಡವನ್ನು ಉಳಿಸಿ ಉಳಿದುದನ್ನು ಕತ್ತರಿಸಿ, ಒಂದು ವಾರ ಬಿಟ್ಟು, ಬುಡದಿಂದ ದೂರದಲ್ಲಿ ಗುದ್ದಲಿ ಹಾಕಿ ಗಡ್ಡೆಯ ಗೊಂಚಲನ್ನು ಮೆಲ್ಲನೆ ಎಬ್ಬಿಸಿರಿ. ಕಾಂಡವನ್ನು ಹಿಡಿದು ಎಳೆದರೆ ಕತ್ತು ಮುರಿಯುತ್ತದೆ. ಕತ್ತು ಮುರಿದರೆ ಕಣ್ಣು ಹೋಯಿತು. ಟೊಳ್ಳು ಕಾಂಡದಲ್ಲಿ ನೀರು ನಿಲ್ಲುವುದರಿಂದ ಗೊಂಚಲನ್ನು ತಲೆಕೆಳಗಾಗಿಸಿ ನೆರಳಿನಲ್ಲಿ ನಾಲ್ಕೈದು ದಿನ ಆರಿಸಬೇಕು. ಅನಂತರ ಗಾಯಗಳಿಗೆ ಬೂದಿ ಸವರಿ, ಮಡಕೆಯಲ್ಲಿ ಒಣ ಮರಳನ್ನೋ ತೆಂಗಿನ ನಾರಿನ ಪುಡಿಯನ್ನೋ ಹಾಸಿ, ಒಂದಕ್ಕೊಂದು ತಾಗದಂತೆ ಮಲಗಿಸಿ, ಮೇಲೆಯೂ ಮುಚ್ಚಿ, ಮನೆಯಲ್ಲಿ ಅತಿ ತಂಪಾದ ಮೂಲೆಯಲ್ಲಿರಿಸಿ. ಬಣ್ಣದ ಹೆಸರನ್ನು ಚೀಟಿಯಲ್ಲಿ ಬರೆದು ಕಟ್ಟುವುದನ್ನು ಮರೆಯಬೇಡಿ; ನಿದ್ರೆಯಲ್ಲಿ ಎಲ್ಲ ಗಡ್ಡೆಗಳ ಮುಖವೂ ಒಂದೇ.

ಅಗೆಯುವ ಶ್ರಮ ಬೇಡವೆನ್ನುವವರು ಕುಂಡಕ್ಕೆ ನೀರು ನಿಲ್ಲಿಸಿ, ಮಳೆ ತಾಗದ ಜಗಲಿಯಲ್ಲಿ ಹಾಗೆಯೇ ಸರಿಸಿಡಬಹುದು. ಯಾವ ರೀತಿಯಲ್ಲಿಟ್ಟರೂ ತಿಂಗಳಿಗೊಮ್ಮೆ ನೋಡುವುದು ಕರ್ತವ್ಯ. ಕೊಳೆತ ಭಾಗವನ್ನು ಕೊಯ್ದು ತೆಗೆಯಿರಿ. ತೀರ ಸುಕ್ಕುಗಟ್ಟಿದ್ದರೆ ಮರಳಿನ ಮೇಲೆ ಒಂದು ಬೊಗಸೆ ನೀರು ಚಿಮುಕಿಸಿರಿ. ಆಗಸ್ಟು ಕಳೆಯುವಾಗ ಹೊರತೆಗೆದು ತೇವ ಕೊಟ್ಟರೆ ಕಣ್ಣುಗಳು ತೆರೆಯುತ್ತವೆ. ಆಗ ಹರಿತವಾದ ಚಾಕುವಿನಿಂದ, ಪ್ರತಿಯೊಂದು ಗಡ್ಡೆಗೂ ಕತ್ತಿನ ಒಂದು ಚೂರೂ ಒಂದು ಕಣ್ಣೂ ದಕ್ಕುವಂತೆ ಗೊಂಚಲನ್ನು ಪಾಲುಮಾಡಿರಿ. ಆಸ್ತಿಯ ವಿಭಾಗದಿಂದ ಎಲ್ಲರ ಭಾಗ್ಯವೂ ಹೆಚ್ಚುವುದು ನನಗೆ ತಿಳಿದಮಟ್ಟಿಗೆ ಇದೊಂದರಲ್ಲಿಯೇ.

ಹಾಗೆ ಪಾಲುಮಾಡಿದಾಗ ಒಂದಕ್ಕೆ ಮೂರೋ ನಾಲ್ಕೋ ಆಗುತ್ತವೆ. ನಿಮ್ಮ ಕುಂಡಗಳಿಗೆ ಬೇಕಾದಷ್ಟನ್ನು ಇಟ್ಟುಕೊಂಡು, ಒಂದನ್ನಾದರೂ ಬೇರೆ ಬಡಾವಣೆಯ, ಸಾಧ್ಯವಾದರೆ ಬೇರೆ ಊರಿನ ನೆಂಟರ ಮನೆಗೆ ಕೊಡಿರಿ. ಇದನ್ನು ಬರಿಯ ಔದಾರ್ಯವೆಂದು ತಿಳಿಯಬೇಕಾಗಿಲ್ಲ. ನಿಮ್ಮ ಮನೆಯ ಗಡ್ಡೆ ಕೊಳೆತ ವರ್ಷ ನಿಮ್ಮ ಹೂವು ಉಳಿದಿರುವುದು ಅವರ ಮನೆಯಲ್ಲಿಯೇ. ಬಗೆಗಳನ್ನು ಕಾಪಾಡುವ ಕೆಲಸವನ್ನು ದೊಡ್ಡ ಉದ್ಯಾನಗಳಿಗೇ ಬಿಟ್ಟು ಸುಮ್ಮನಿರುವಂತಿಲ್ಲ. ಅತ್ತೆ ಸೊಸೆ, ತಾಯಿ ಮಗಳು, ನೆರೆಮನೆಯವರು ಕಾಗದದಲ್ಲಿ ಸುತ್ತಿ ಕೊಟ್ಟು ತೆಗೆದುಕೊಂಡ ಗಡ್ಡೆಗಳಿಂದಲೇ ಮಲೆನಾಡಿನ ಅಂಗಳಗಳು ಇಷ್ಟು ಬಣ್ಣಗಳನ್ನು ಉಳಿಸಿಕೊಂಡು ಬಂದಿವೆ. ಅಂಗಳಗಳೇ ಅಪರೂಪವಾಗಿರುವ ಪಟ್ಟಣದಲ್ಲಿ ಆ ಪದ್ಧತಿ ಇನ್ನೂ ಹೆಚ್ಚಾಗಿ ಬೇಕು.

ಕ್ಯಾಲೆಂಡರಿನಲ್ಲಿ ಮೂರು ಗುರುತುಗಳನ್ನು ಹಾಕಿಕೊಳ್ಳಿ: ದಸರೆಗೆ ಮುನ್ನ ನೆಡುವುದು, ಶಿವರಾತ್ರಿಯಾದ ಮೇಲೆ ಅಗೆಯುವುದು, ಗೌರಿಹಬ್ಬದ ಹೊತ್ತಿಗೆ ಪಾಲುಮಾಡುವುದು. ಗೌರಿಯ ಬಾಗಿನ ಕೊಡಲು ಹೋಗುವಾಗ ಮೊರದ ಜೊತೆಯಲ್ಲಿ ಕಣ್ಣಿರುವ ಒಂದು ಗಡ್ಡೆಯೂ ಹೋಗಲಿ. ನೆಡುವ ಕ್ರಮವನ್ನು ಬಾಯಲ್ಲಿ ಹೇಳಿ ಕೊಡಲು ಮರೆಯಬೇಡಿ. ಮುಖ್ಯವಾಗಿ, ಹೂ ಮುಗಿದ ಮೇಲೆ ಎಸೆಯಬಾರದೆಂಬುದನ್ನು.